ಜಾಲರಿ ಬಿಚ್ಚಿದ ಕೈ

ಮನೆಯಿಂದ,
ಮಾರ್ಚ್ ೧೧, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಚಿಕ್ಕಪ್ಪಾ,

ಹೇಗಿದ್ದೀಯ? ಮೊಣಕಾಲು ನೋವು ಹೆಚ್ಚಾಗಿದೆ, ಲಿಫ್ಟ್ ರಿಪೇರಿಗೆ ಹೋದರೆ ಮೆಟ್ಟಿಲು ಹತ್ತುವುದೇ ಕಷ್ಟ ಅಂತ ಅತ್ತೆ ಹೇಳಿದಳು. ಲಿಫ್ಟ್ ಸರಿ ಮಾಡುವವನೇ ಮೆಟ್ಟಿಲು ಹತ್ತಬೇಕಲ್ಲ, ಇದೆಂಥ ನ್ಯಾಯ. ಡಾಕ್ಟರಿಗೆ ತೋರಿಸಿದ್ದೀಯಾ, ಅಥವಾ ಎಣ್ಣೆ ಹಚ್ಚಿಕೊಂಡು ಸುಮ್ಮನಿದ್ದೀಯಾ? ಮೊದಲು ಬಹುವಚನ ಹಾಕಿಯೇ ಬರೆಯಲು ಕೂತಿದ್ದೆ. ಎರಡು ಸಾಲು ಆಗುವಷ್ಟರಲ್ಲಿ ಯಾವುದೋ ಕಚೇರಿಗೆ ಬರೆಯುತ್ತಿದ್ದೇನೆ ಅನ್ನಿಸಿತು. ಆ ಹಾಳೆ ಹರಿದು ಏಕವಚನಕ್ಕೇ ಬಂದೆ. ಎಂಟು ವರ್ಷದವಳಿದ್ದಾಗ ನಿನ್ನ ಹೆಗಲ ಮೇಲೆ ಕೂತು ಹೇಗೆ ಕರೆಯುತ್ತಿದ್ದೆನೋ ಹಾಗೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ವಿಳಾಸ ಕೊಟ್ಟಿದ್ದು ಅತ್ತೆಯೇ. ಹತ್ತೊಂಬತ್ತು ವರ್ಷ ಅವಳೊಬ್ಬಳು ನಿನ್ನ ಜೊತೆ ಮಾತು ಇಟ್ಟುಕೊಂಡಿದ್ದಳು ಅನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ, "ನೀವು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ" ಅಂದಳು. ಅಪ್ಪ ಚೆನ್ನಾಗಿದ್ದಾನೆ. ಬಿ.ಪಿ. ಮಾತ್ರೆ ಎರಡಾಗಿದೆ. ಅಮ್ಮನಿಗೆ ಕಣ್ಣಿನ ಪೊರೆ ತೆಗೆದಿದ್ದಾರೆ, ಈಗ ನಮ್ಮೆಲ್ಲರ ಬಟ್ಟೆಯ ಕಲೆ ಅವಳಿಗೇ ಮೊದಲು ಕಾಣುತ್ತದೆ. ಅಜ್ಜಿ ಹೋದದ್ದನ್ನು ಅತ್ತೆ ನಿನಗೆ ಆಗಲೇ ತಿಳಿಸಿದ್ದಳಂತೆ. ನಾವು ತಿಳಿಸಲಿಲ್ಲ. ಅದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಈಗ ನನ್ನ ಸುದ್ದಿ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಎರಡು ವರ್ಷ ಕೆಲಸ ಮಾಡಿ, ಈಗ ಪಿಎಚ್.ಡಿ. ಮಾಡುತ್ತಿದ್ದೇನೆ. ಚಿಕ್ಕ ಕಾರ್ಖಾನೆಗಳಲ್ಲಿ ಇನ್ನೂ ಓಡುತ್ತಿರುವ ತಗಡು ಒತ್ತುವ ಹಳೇ ಪ್ರೆಸ್ ಮಷೀನುಗಳಿಗೆ ಕೈ ಸಿಕ್ಕದಂತೆ ಸುರಕ್ಷತೆಯ ಗಾರ್ಡ್ ಮಾಡುವುದು ನನ್ನ ವಿಷಯ. ಈ ಮಾತು ಓದಿ ನೀನು ಕಾಗದ ಕೆಳಗಿಟ್ಟಿರಬಹುದು. ದಯವಿಟ್ಟು ಮತ್ತೆ ಕೈಗೆತ್ತಿಕೋ. ಯಾಕೆ ಈ ವಿಷಯ ಅಂತ ಯಾರಾದರೂ ಕೇಳಿದರೆ "ಆಸಕ್ತಿ" ಅನ್ನುತ್ತಿದ್ದೆ. ಬಲಗೈಯಲ್ಲಿ ಎರಡೇ ಬೆರಳಿರುವ ಅಪ್ಪನ ಮಗಳಿಗೆ ಬೇರೆ ಯಾವ ಆಸಕ್ತಿ ಬರಬೇಕು ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಕಳೆದ ವರ್ಷ ನನಗೆ ಬರುತ್ತಿದ್ದ ವಿದ್ಯಾರ್ಥಿವೇತನದ ಅವಧಿ ಮುಗಿಯುತ್ತಾ ಬಂತು. ನಮ್ಮ ವಿಭಾಗದ ಕಾರಿಡಾರಿನಲ್ಲಿ ಒಂದು ನೋಟಿಸ್ ಬೋರ್ಡ್ ಇದೆ. ಸಂಶೋಧನೆ ಮಾಡುವವರಿಗೆ ಯಾವ ಫೆಲೋಶಿಪ್ ಇದೆ, ಯಾವ ತರಬೇತಿಗೆ ನೆರವಿದೆ, ಯಾವ ಪ್ರಯೋಗಾಲಯಕ್ಕೆ ಕಳಿಸುತ್ತಾರೆ ಅನ್ನುವುದೆಲ್ಲ ಅಲ್ಲಿ ಅಂಟಿಸಿರುತ್ತಾರೆ. ಪಿನ್ನುಗಳಿಗಿಂತ ಅದರ ಮುಂದೆ ನಿಲ್ಲುವ ನಾವೇ ಹೆಚ್ಚು. ನನ್ನ ಗೈಡ್ ಒಂದು ಹಾಳೆ ಕಿತ್ತು ಕೈಗೆ ಕೊಟ್ಟು, "ಮೂರು ವರ್ಷದ ಫೆಲೋಶಿಪ್. ಸಿಕ್ಕರೆ ನಿನ್ನ ಪ್ರಬಂಧ ಮುಗಿಯುತ್ತೆ, ಸಿಗದಿದ್ದರೆ ಮತ್ತೆ ಕೆಲಸ ಹುಡುಕಬೇಕಾಗುತ್ತೆ" ಅಂದರು. ಅವರು ಯಾವತ್ತೂ ಸುತ್ತಿ ಬಳಸಿ ಮಾತಾಡುವವರಲ್ಲ.

ಅರ್ಜಿಯ ಜೊತೆ ಎರಡು ಪುಟದ ಹೇಳಿಕೆ ಬರೆಯಬೇಕಿತ್ತು. ವಾರವೆಲ್ಲ ಕೂತು ಬರೆದು ವಿದ್ಯಾರ್ಥಿವೇತನದ ಕಚೇರಿಯ ಮೇಡಂಗೆ ತೋರಿಸಿದೆ. ಕೆಂಪು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡೇ ಓಡಾಡುವ ಹೆಂಗಸು, ನೂರಾರು ಅರ್ಜಿ ಓದಿದವರು. ಅವರು ಓದಿ, "ಯಂತ್ರದ ಬಗ್ಗೆ ಎಲ್ಲಾ ಇದೆ. ಇದನ್ನ ನೀವೇ ಯಾಕೆ ಮಾಡಬೇಕು ಅನ್ನೋದು ಎಲ್ಲೂ ಇಲ್ಲ" ಅಂದರು. ಪೆನ್ನನ್ನು ಮುಟ್ಟಲೂ ಇಲ್ಲ.

ಮನೆಗೆ ಬಂದು ಮತ್ತೆ ಬರೆದೆ, ಈ ಸಲ ಅಪ್ಪನ ಕೈಯಿಂದಲೇ ಶುರುಮಾಡಿ. ನನಗೆ ಗೊತ್ತಿದ್ದಂತೆ ಬರೆದೆ: ಡಬ್ಬದ ಮುಚ್ಚಳ ಒತ್ತುವ ಕಾರ್ಖಾನೆ, ಪ್ರೆಸ್ಸಿನ ಮುಂದೆ ಒಂದು ಜಾಲರಿ ಬಾಗಿಲು, ಅದು ಮುಚ್ಚಿದ ಹೊರತು ಪ್ರೆಸ್ ಕೆಳಗಿಳಿಯುವ ಹಾಗಿಲ್ಲ, ಅಲ್ಲಿಯ ಫಿಟ್ಟರ್ ಅದನ್ನು ರಿಪೇರಿಗೆಂದು ಬಿಚ್ಚಿ, ಮರಳಿ ಹಾಕಲು ಮರೆತ, ಮೂರು ಬೆರಳು ಹೋದವು. ಫಿಟ್ಟರ್ ನನ್ನ ಚಿಕ್ಕಪ್ಪ ಅಂತ ಬರೆಯಲಿಲ್ಲ. ಅದು ನಿನ್ನ ಮೇಲಿನ ಕರುಣೆಯಿಂದಲ್ಲ, ನಾಚಿಕೆಯಿಂದ. ಸುಳ್ಳು ಹೇಳುವುದಿಲ್ಲ.

ಅಪ್ಪನ ಕೈ ಅಪ್ಪನದು. ಅವನನ್ನು ಕೇಳದೆ ಕಳಿಸಬಾರದು ಅನ್ನಿಸಿತು. ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಓದಿ ಹೇಳಿದೆ. ಅವನು ಕುರ್ಚಿಯಲ್ಲಿ ಕೂತು ಕಿಟಕಿಯ ಕಡೆ ನೋಡುತ್ತಿದ್ದ. ಅಮ್ಮ ತಟ್ಟೆ ಒರೆಸುತ್ತಿದ್ದಳು. ಮುಗಿದ ಮೇಲೆ ಅಪ್ಪ ಕಿಟಕಿಯಿಂದ ನನ್ನ ಕಡೆ ತಿರುಗಿದ. ಆಮೇಲೆ, "ಆ ಸಾಲು ಹೊಡೆದು ಹಾಕು" ಅಂದ. ಯಾವ ಸಾಲು ಅಂದೆ. "ಫಿಟ್ಟರ್ ಬಿಚ್ಚಿದ ಅಂತ ಬರೆದಿದ್ದೀಯಲ್ಲ, ಅದು. ಬಿಚ್ಚಿದ್ದು ನಾನು."

ಚಿಕ್ಕಪ್ಪಾ, ಮುಂದಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ನಾನು ಕೇಳಿದ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಆ ವಾರ ನಾನು ಟೈಫಾಯಿಡ್ ಆಗಿ ಆಸ್ಪತ್ರೆಯಲ್ಲಿದ್ದೆ. ಮಕ್ಕಳ ವಾರ್ಡಿಗೆ ಆರು ಗಂಟೆಯ ಮೇಲೆ ಯಾರನ್ನೂ ಬಿಡುತ್ತಿರಲಿಲ್ಲ. ದಿನದ ಮುಚ್ಚಳಗಳ ಲೆಕ್ಕ ಮುಗಿಸಿದರೆ ಮಾತ್ರ ಗೇಟ್ ದಾಟಬಹುದಿತ್ತು, ಮುಗಿಯುವಾಗ ಆರೂವರೆ ಆಗುತ್ತಿತ್ತು. ಜಾಲರಿ ತೆಗೆದು ಮುಚ್ಚುವುದಕ್ಕೆ ಎರಡು ಸೆಕೆಂಡ್. ದಿನಕ್ಕೆ ಸಾವಿರದ ಎಂಟುನೂರು ಸಲ. ಸರಿಯಾಗಿ ಒಂದು ಗಂಟೆ. ನಾನು ಪ್ರಯೋಗಾಲಯದಲ್ಲಿ ಸ್ಟಾಪ್‌ವಾಚ್ ಹಿಡಿದು ತಿಂಗಳುಗಟ್ಟಲೆ ಅಳೆದು ಕಂಡುಕೊಂಡದ್ದನ್ನು ಅಪ್ಪ ಅವತ್ತೇ ಬೆರಳೆಣಿಸಿ ಕಂಡುಕೊಂಡಿದ್ದ. ಬಿಚ್ಚಿಕೊಡು ಅಂತ ನಿನ್ನನ್ನು ಕೇಳಿದನಂತೆ, ನೀನು ಆಗಲ್ಲ ಅಂದೆಯಂತೆ. ನೀನು ಇನ್ನೊಂದು ಶೆಡ್ಡಿಗೆ ಹೋದಾಗ ನಿನ್ನ ಪೆಟ್ಟಿಗೆಯಿಂದಲೇ ಸ್ಪ್ಯಾನರ್ ತೆಗೆದು ನಾಲ್ಕು ಬೋಲ್ಟು ಬಿಚ್ಚಿ, ಪ್ರೆಸ್ಸನ್ನು ತಡೆಯುವ ಕೊಂಡಿಯನ್ನೂ ತಂತಿಯಿಂದ ಕಟ್ಟಿಹಾಕಿದನಂತೆ. ನೀನು ನೋಡಿ ಬೈದೆ. ಆದರೆ ಸೂಪರ್‌ವೈಸರಿಗೆ ಹೇಳಲಿಲ್ಲ. "ಮಗು ಮನೆಗೆ ಬಂದ ದಿನವೇ ಹಾಕ್ತೀನಿ" ಅಂದೆಯಂತೆ.

ನಾಲ್ಕು ದಿನ ಅಪ್ಪ ಆರಾಗುವ ಮುಂಚೆಯೇ ಆಸ್ಪತ್ರೆಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಕೈಯಲ್ಲಿ ಗ್ರೀಸ್ ವಾಸನೆ. ಐದನೆಯ ದಿನ ಬರಲಿಲ್ಲ. ಅಪ್ಪನಿಗೆ ನನ್ನ ಮೇಲೆ ಸಿಟ್ಟು ಬಂದಿದೆ ಅಂದುಕೊಂಡು ದಿಂಬಿಗೆ ಮುಖ ಒತ್ತಿ ಅತ್ತಿದ್ದೆ.

ತಾನೇ ಬಿಚ್ಚಿದ ಅಂತ ಗೊತ್ತಾದರೆ ಅಪ್ಪನಿಗೆ ಪರಿಹಾರವೂ ಇಲ್ಲ, ಆಸ್ಪತ್ರೆಯ ಖರ್ಚೂ ಇಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ವಿಚಾರಣೆಯಲ್ಲಿ ನೀನು ಎದ್ದು ನಿಂತು, ನಾನು ಬಿಚ್ಚಿದ್ದು, ಹಾಕಲು ಮರೆತೆ ಅಂದೆ. ಅಪ್ಪ ಬ್ಯಾಂಡೇಜ್ ಕಟ್ಟಿದ ಕೈ ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಿದ್ದ, ತಲೆ ಎತ್ತಲಿಲ್ಲ. ನಿನ್ನ ಕೆಲಸ ಹೋಯಿತು. ಮನೆಯೂ ಹೋಯಿತು. ಒಡಹುಟ್ಟಿದವನ ಕೈ ಕತ್ತರಿಸಿದವನು ಅಂತ ಅಜ್ಜಿ ಸಾಯುವವರೆಗೂ ನಿನ್ನನ್ನು ಶಪಿಸಿದಳು. ಅದನ್ನು ಅಪ್ಪ ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡ. "ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂದುಕೊಂಡೆ. ಮೊದಲ ವರ್ಷ ಭಯ ಇತ್ತು. ಆಮೇಲೆ ಭಯ ಹೋಯ್ತು, ನಾಚಿಕೆ ಬಂತು. ನಾಚಿಕೆ ಹೋಗಲೇ ಇಲ್ಲ" ಅಂದ.

ನಿನ್ನಿಂದ ಎರಡು ಕಾಗದ ಬಂದಿದ್ದವು. ಎರಡನ್ನೂ ಬಾಗಿಲಲ್ಲಿ ಅಂಚೆಯವರ ಕೈಯಿಂದ ತೆಗೆದುಕೊಂಡವಳು ನಾನೇ. "ಇಲ್ಲಿ ಈ ಹೆಸರಿನವರಿಲ್ಲ" ಅಂತ ಹೇಳಿ ಹಿಂದಿರುಗಿಸಿದೆ. ಆಗ ನನಗೆ ಹತ್ತು ವರ್ಷ. ಎಂಥ ದೊಡ್ಡ ಕೆಲಸ ಮಾಡಿದೆ ಅನ್ನುವ ಹೆಮ್ಮೆ ಬೇರೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಆ ಭಾನುವಾರದ ನಂತರ ಅಮ್ಮ ಮೂರು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಊಟ ಬಡಿಸಿ ಒಳಗೆ ಹೋಗುತ್ತಿದ್ದಳು. ನಾಲ್ಕನೆಯ ದಿನ ಬಟ್ಟೆ ಮಡಿಸುತ್ತಾ ನನ್ನ ಹತ್ತಿರ ಮಾತ್ರ ಹೇಳಿದಳು: "ನಿನ್ನ ಚಿಕ್ಕಪ್ಪ ಊರು ಬಿಟ್ಟು ಹೋಗೋ ದಿನ ಬಾಗಿಲು ತಟ್ಟಿದ. ನಾನು ಒಳಗೇ ಇದ್ದೆ. ತೆಗೀಲಿಲ್ಲ."

ಅರ್ಜಿಯಲ್ಲಿ ನಿಜ ಬರೆಯಲೇ ಅಂತ ಅಪ್ಪನನ್ನು ಕೇಳಿದೆ. ಕಾರ್ಖಾನೆಯೇ ಮುಚ್ಚಿ ಹತ್ತು ವರ್ಷ ಆಯಿತು, ಇನ್ನು ಏನು ಕಿತ್ತುಕೊಳ್ಳುತ್ತಾರೆ, ಉಳಿದ ಎರಡು ಬೆರಳಾ ಅಂದ. ಹತ್ತೊಂಬತ್ತು ವರ್ಷದಲ್ಲಿ ಅವನು ಆ ಕೈಯ ಬಗ್ಗೆ ಹೇಳಿದ ಮೊದಲ ತಮಾಷೆ ಅದು. ನಾವು ಯಾರೂ ನಗಲಿಲ್ಲ. ನಿಜ ಬರೆದೆ. ಗಾರ್ಡ್ ಬಿಚ್ಚುವವರು ಬೇಜವಾಬ್ದಾರಿಯವರಲ್ಲ, ಅವರಿಗೆ ಎಲ್ಲೋ ಬೇಗ ಹೋಗಿ ಮುಟ್ಟಬೇಕಾಗಿರುತ್ತದೆ. ಕೈಯ ವೇಗ ತಗ್ಗಿಸದ ಗಾರ್ಡ್ ಮಾಡಿದರೆ ಮಾತ್ರ ಅದು ಯಂತ್ರದ ಮೇಲೆ ಉಳಿಯುತ್ತದೆ ಅಂತ ಬರೆದೆ. ನನ್ನ ಸಂಶೋಧನೆ ಏನು ಅನ್ನುವುದು ನನಗೇ ಸರಿಯಾಗಿ ತಿಳಿದದ್ದು ಆಗ. ಮೇಡಂ ಓದಿದರು. ಈ ಸಲವೂ ಪೆನ್ನು ಮುಟ್ಟಲಿಲ್ಲ, ಹೀಗೇ ಕಳಿಸಿ ಅಂದರು.

ಸಂದರ್ಶನದಲ್ಲಿ ಮೂವರಿದ್ದರು. ಅವರಲ್ಲಿ ಹಿರಿಯರೊಬ್ಬರು ನನ್ನ ಹಾಳೆ ತಿರುವುತ್ತಾ, "ಗಾರ್ಡ್ ತೆಗೆದವರಿಗೆ ಶಿಕ್ಷೆ ಆಯ್ತಾ?" ಅಂತ ಕೇಳಿದರು. "ಆಯ್ತು ಸರ್, ತೆಗೆಯದೇ ಇದ್ದವರಿಗೆ" ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಂದೆ ಹತ್ತು ನಿಮಿಷ ಅವರು ಕೇಳಿದ್ದೆಲ್ಲ ಲೆಕ್ಕ, ಲೋಹ, ವೇಗ. ನನ್ನ ಉತ್ತರಗಳಲ್ಲಿ ಎರಡು ತಪ್ಪಿದ್ದವು. ಗೊತ್ತಾಗಿ ತಿದ್ದಿಕೊಂಡದ್ದು ಒಂದೇ.

ಫೆಲೋಶಿಪ್ ನನಗೆ ಬರಲಿಲ್ಲ. ಬ್ಯಾಟರಿಯ ಮೇಲೆ ಕೆಲಸ ಮಾಡುವ ಹುಡುಗಿಗೆ ಹೋಯಿತು. ಅವಳು ಬುದ್ಧಿವಂತೆ, ತಕರಾರಿಲ್ಲ. ಆದರೆ ಅದೇ ಸಮಿತಿಯವರು ನನ್ನ ಹೆಸರನ್ನು ಇನ್ನೊಂದು ಚಿಕ್ಕ ನೆರವಿಗೆ ಕಳಿಸಿದ್ದರು. ಯಂತ್ರ ಸುರಕ್ಷತೆಯ ಪರೀಕ್ಷಾಲಯವೊಂದರಲ್ಲಿ ನಾಲ್ಕು ತಿಂಗಳ ತರಬೇತಿ. ನಾನು ಮಾಡಿದ ಗಾರ್ಡನ್ನು ಅಲ್ಲಿ ನಿಜವಾದ ಪ್ರೆಸ್ಸಿಗೆ ಹಾಕಿ ನೋಡುತ್ತಾರೆ. ಉಳಿದ ಸಮಯಕ್ಕೆ ಗೈಡ್ ನನಗೆ ಕಿರಿಯ ವಿದ್ಯಾರ್ಥಿಗಳ ವರ್ಕ್‌ಶಾಪ್ ತರಗತಿ ಕೊಡಿಸಿದ್ದಾರೆ. ಹೇಗೋ ಪ್ರಬಂಧ ಮುಗಿಯುತ್ತದೆ. ಒಂದು ವರ್ಷ ತಡವಾಗಬಹುದು, ಅಷ್ಟೆ.

ಆರೋಗ್ಯ ನೋಡಿಕೋ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳದೆ ಕೆಲಸಕ್ಕೆ ಹೋಗಬೇಡ ಅಂತ ಅಮ್ಮ ಬರೆಯಲು ಹೇಳಿದಳು. ಹೇಳಿ ಆಮೇಲೆ, ಹಾಗೆ ಹೇಳಲು ತನಗೇನು ಹಕ್ಕಿದೆ, ಬರೆಯಬೇಡ ಅಂದಳು. ನಾನು ಬರೆದಿದ್ದೇನೆ. ಅತ್ತೆ ನಿನ್ನನ್ನು ಕೇಳಿದಳು ಅಂತ ತಿಳಿಸಲು ಹೇಳಿದ್ದಾಳೆ. ನಿನಗೆ ನನ್ನ ನಮಸ್ಕಾರಗಳು.

ಇಂತಿ,
ನಿನ್ನ ಅಣ್ಣನ ಮಗಳು

ತಾ.ಕ.: ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು. ಆ ನೆರವಿನಲ್ಲಿ ಇನ್ನೊಂದು ಅವಕಾಶವಿದೆ. ವಿದ್ಯಾರ್ಥಿಗಳಿಗೆ ಪಾಠ ಹೇಳಲು ಕೈಕೆಲಸ ಬಲ್ಲ ಒಬ್ಬರನ್ನು ನಾವು ಎರಡು ದಿನದ ಮಟ್ಟಿಗೆ ಕರೆಸಬಹುದು. ನಾನು ನಿನ್ನ ಹೆಸರು ಕೊಟ್ಟಿದ್ದೇನೆ. ಅರ್ಹತೆ ಅಂತ ಇದ್ದ ಜಾಗದಲ್ಲಿ "ಇಪ್ಪತ್ತೆಂಟು ವರ್ಷ ಅನುಭವದ ಫಿಟ್ಟರ್" ಅಂತ ಬರೆದೆ, ಒಪ್ಪಿಕೊಂಡಿದ್ದಾರೆ. ಟಿಕೆಟ್ ಅವರೇ ಕಳಿಸುತ್ತಾರೆ. ಫಾರಂ ಈ ಲಕೋಟೆಯಲ್ಲೇ ಇದೆ, ಎರಡು ಕಡೆ ಸಹಿ ಹಾಕಿ ಈ ತಿಂಗಳ ಇಪ್ಪತ್ತೈದರೊಳಗೆ ಕಳಿಸಬೇಕು. ಮನಸ್ಸಿಲ್ಲದಿದ್ದರೆ ಖಾಲಿಯೇ ಕಳಿಸು, ನನಗೆ ಅರ್ಥವಾಗುತ್ತದೆ. ಎರಡನೆಯ ದಿನ ಕಾರ್ಮಿಕರು ತಮ್ಮ ಅನುಭವ ಹೇಳುವ ಹೊತ್ತಿದೆ, ಆ ಪಟ್ಟಿಯಲ್ಲಿ ಅಪ್ಪ ತಾನಾಗಿಯೇ ಹೆಸರು ಬರೆಸಿದ್ದಾನೆ. ಈಗ ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದಾನೆ, ಹೀಗೆ ಬರೆ ಅನ್ನುತ್ತಿದ್ದಾನೆ: "ಬಿಚ್ಚಿದ್ದು ನಾನು ಅಂತ ಅಲ್ಲಿ ಎಲ್ಲರ ಮುಂದೆ ಹೇಳ್ತೀನಿ. ಅವನು ಬರದಿದ್ದರೂ ಹೇಳ್ತೀನಿ. ಆದ್ರೆ ಅವನು ಎದುರಿಗಿಲ್ಲದೆ ಹೇಳಿದ್ರೆ, ಇನ್ನೂ ಹೇಳದೇ ಇದ್ದ ಹಾಗೇ."