ಹೆಚ್ಚುವ ಸರದಿ ನಿಮ್ಮದು

ರೀ,

ಮೂಲೆಯಲ್ಲಿ ಗಾಳ ಕಾಣಲಿಲ್ಲವೆಂದು ಮನೆಯನ್ನೆಲ್ಲ ತಲೆಕೆಳಗು ಮಾಡಬೇಡಿ. ಅದನ್ನು ತೆಗೆದುಕೊಂಡು ನಾನು ಜಲಾಶಯಕ್ಕೆ ಹೋಗಿದ್ದೇನೆ. ನಿಮ್ಮ ಟೋಪಿಯೂ ನನ್ನ ತಲೆಯ ಮೇಲೇ ಇದೆ.

ಹಾಲು ಕಾಯಿಸಿಟ್ಟಿದ್ದೇನೆ. ಫ್ರಿಜ್‌ನಲ್ಲಿ ಬೆಣ್ಣೆಯ ಪಕ್ಕ ನೀವು ಇಟ್ಟಿದ್ದ ಎರೆಹುಳುವಿನ ಡಬ್ಬಿಯೂ ನನ್ನ ಜೊತೆ ಬಂದಿದೆ. ಇವತ್ತು ಒಂದು ದಿನ ಅತ್ತೆ ಧೈರ್ಯವಾಗಿ ಫ್ರಿಜ್ ತೆಗೆಯಬಹುದು, ಹೇಳಿಬಿಡಿ.

ಮಧ್ಯಾಹ್ನ ಊಟಕ್ಕೆ ನಿಮ್ಮ ಆಫೀಸಿನವರು ಬರುತ್ತಾರೆ, ನೀವು ಹಿಡಿದ ಬಾಸ್ ಜಾತಿಯ ಮೀನಿನ ಪ್ರತಾಪ ಕೇಳುವುದಕ್ಕೆ. ಮೀನನ್ನು ಫ್ರೀಜರಿನಿಂದ ತೆಗೆದು ಸಿಂಕಿನಲ್ಲಿಟ್ಟಿದ್ದೇನೆ. ಹುರುಪೆ ಕೆರೆದು, ಹೊಟ್ಟೆ ಸೀಳಿ ತೊಳೆದು, ತುಂಡು ಮಾಡಿ. “ಒಬ್ಬರು ಹಿಡೀಬೇಕು, ಇನ್ನೊಬ್ಬರು ಹೆಚ್ಚಬೇಕು” ಅನ್ನುವುದು ಮದುವೆಯಾದ ವರ್ಷ ನೀವೇ ಮಾಡಿದ ಕಾನೂನು. ಹೋದ ಭಾನುವಾರ “ಐದು ನಿಮಿಷ ಹಿಡ್ಕೊಂಡಿರೇ” ಎಂದು ಗಾಳವನ್ನು ನನ್ನ ಕೈಗೆ ಕೊಟ್ಟು, ಮರದ ಕೆಳಗೆ ನೀವು ಗೊರಕೆ ಹೊಡೆಯುತ್ತಿದ್ದಾಗ ಬಿದ್ದ ಮೀನು ಅದು. ನೀವು ಎದ್ದದ್ದು ಫೋಟೋ ಹೊತ್ತಿಗೆ. ಆದ್ದರಿಂದ ಹೆಚ್ಚುವ ಸರದಿ ನಿಮ್ಮದು. ಚಾಕು ಹರಿತವಾಗಿದೆ, ಬೆರಳು ಜೋಪಾನ.

ಕಥೆ ಹೇಳುವಾಗ ಎರಡೂ ಕೈ ಅಗಲಿಸುತ್ತಾ ಹೋಗಿ ಅದನ್ನು ಮೊಸಳೆ ಮಾಡಬೇಡಿ. ಗೋಡೆಗೆ ನೇತುಹಾಕಿದ ಫೋಟೋದಲ್ಲಿ ಮೀನಿನ ಪಕ್ಕದಲ್ಲೇ ನನ್ನ ಚಪ್ಪಲಿಯೂ ಬಿದ್ದಿದೆ. ಕಣ್ಣಿದ್ದವರು ಅಳೆದುಬಿಟ್ಟಾರು.

ನಾನೆಲ್ಲಿ ಎಂದು ಬಂದವರು ಕೇಳಿದರೆ ಇದ್ದದ್ದನ್ನೇ ಹೇಳಿ. ಇವತ್ತೂ ಮೀನು ಬಿದ್ದರೆ ಫೋನ್ ಮಾಡುತ್ತೇನೆ, ಕೈ ತೊಳೆದುಕೊಂಡು ಓಡಿ ಬನ್ನಿ. ಫೋಟೋ ತೆಗೆಯುವುದಕ್ಕೆ ಒಬ್ಬರು ಬೇಕು.