ಹಾಕದ ಡೋಸು

ಹಿಂದೂಪುರ
೧೮ ಆಗಸ್ಟ್ ೨೦೨೪

ಮಗಳೇ ದಿವ್ಯಾ,

ಕಲ್ಯಾಣದುರ್ಗದಲ್ಲಿ ಊಟ, ನಿದ್ದೆ ಸರಿಯಾಗಿದೆಯೇನಮ್ಮ? ಉತ್ತರ ತಡವಾಯಿತು, ಬೇಜಾರಾಗಬೇಡ. ಫೋನಿನಲ್ಲಿ ಶುರು ಮಾಡಿದರೆ ನಡುವೆ ನಿಲ್ಲಿಸಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಹಾಗೆ ನಿನ್ನನ್ನೂ ಸೆಟ್ಟೂರಿನ ಕಡೆ ಮನೆಮನೆಗೆ ಡ್ರಿಪ್ ಹಾಕಲು ಕಳಿಸುತ್ತಾರಂತೆ. 'ಪಕ್ಕದಲ್ಲಿ ಡಾಕ್ಟರ್ ಇರಲ್ಲ, ನಾನೊಬ್ಬಳೇ ಏನು ನೋಡಲಿ?' ಎಂದು ಕೇಳಿದೆಯಲ್ಲ, ಹೋದ ತಿಂಗಳು ನಡೆದದ್ದನ್ನೇ ಹೇಳುತ್ತೇನೆ.

ಪದ್ಮಾವತಮ್ಮ ಎಂದು ಒಬ್ಬರು, ಸೀರೆ ನೇಯುವವರು. ಸಕ್ಕರೆ ಕಾಯಿಲೆಯಿಂದ ಹಿಮ್ಮಡಿಯ ಮೂಳೆಗೆ ಸೋಂಕು ತಗಲಿತ್ತು. ಆರು ವಾರ ದಿನಾ ರಕ್ತನಾಳಕ್ಕೇ ಆಂಟಿಬಯೋಟಿಕ್ ಹೋಗಬೇಕು. ತೋಳಿಗೆ ಉದ್ದನೆಯ ನಳಿಕೆ ಕೂರಿಸಿ ಮನೆಗೆ ಕಳಿಸಿದ್ದರು. ನಾನು ಬೆಳಿಗ್ಗೆ ಹೋಗಿ ಮಗ್ಗದ ಕಂಬದ ಮೊಳೆಗೆ ಬಾಟಲಿ ತೂಗುಹಾಕುತ್ತಿದ್ದೆ. ಔಷಧಿ ಇಳಿಯುವಷ್ಟು ಹೊತ್ತೂ ಅವರು ಸೊಸೆ ಕೀರ್ತನಾಳಿಗೆ ನೇಯ್ಗೆ ಹೇಳಿಕೊಡುತ್ತಿದ್ದರು.

ಹತ್ತೊಂಬತ್ತನೆಯ ದಿನ ಜ್ವರ ಇರಲಿಲ್ಲ, ತೋಳೂ ಚೆನ್ನಾಗಿತ್ತು. ನಳಿಕೆ ತೊಳೆಯಲು ನಾನು ಸಿರಿಂಜು ಎತ್ತಿಕೊಂಡಾಗ ಕೀರ್ತನಾ ಹೇಳಿದಳು: 'ನೀವು ಹೋದ್ಮೇಲೆ ಅತ್ತೆಗೆ ನಡುಕ ಬತ್ತದೆ ಕಣಕ್ಕ. ನಾಕು ದಿನ ಆಯ್ತು. ಕಂಬಳಿ ಹೊದಿಸ್ತೀನಿ, ಆಮೇಲೆ ಹೋಯ್ತದೆ.'

ಪದ್ಮಾವತಮ್ಮ ಸೊಸೆಯನ್ನು ಗದರಿದರು. 'ಪರ್ವಾಲೇದು ಕಣಮ್ಮ, ಔಸ್ದಿ ಜೋರು, ಅಷ್ಟೇ. ಹಾಕ್ಬುಟ್ಟು ಹೋಗು. ಮತ್ತೆ ಆಸ್ಪತ್ರೆಗೆ ಹೋದ್ರೆ ಕಾಲು ಕುಯ್ದುಬುಡ್ತಾರೆ.'

ಅದು ಅವರ ಭಯ. ನನ್ನ ಭಯ ಬೇರೆ. ನಳಿಕೆಯೊಳಗೇ ಸೋಂಕು ಕೂತಿದ್ದರೆ, ಔಷಧಿಯ ಜೊತೆ ಅದನ್ನೂ ದಿನಾ ರಕ್ತಕ್ಕೆ ತಳ್ಳುತ್ತಿದ್ದವಳು ನಾನೇ. ಆಸ್ಪತ್ರೆಯ ಡಾಕ್ಟರ್ ಜಯಚಂದ್ರ ಅವರಿಗೆ ಫೋನ್ ಮಾಡಿದೆ. 'ಜ್ವರ ಇಲ್ವಲ್ಲ ಸಿಸ್ಟರ್, ಇವತ್ತಿನ ಡೋಸ್ ಕೊಟ್ಟುಬಿಡಿ' ಎಂದರು.

'ಈ ನಳಿಕೆಯಲ್ಲಿ ನಾನು ಕೊಡಲ್ಲ ಸರ್. ಕರ್ಕೊಂಡು ಬತ್ತೀನಿ, ನೀವೇ ನೋಡಿ' ಎಂದೆ. ಆಮೇಲೆ 'ಸರಿ, ಬನ್ನಿ' ಎಂದರು.

ಆಟೋದಲ್ಲಿ ಪದ್ಮಾವತಮ್ಮ ನನ್ನ ಮುಖ ನೋಡಲಿಲ್ಲ. ರಕ್ತ ಪರೀಕ್ಷೆಯಲ್ಲಿ ಸೋಂಕು ಸಿಕ್ಕಿತು. ನಳಿಕೆ ತೆಗೆದು, ಹತ್ತು ದಿನ ಇಟ್ಟುಕೊಂಡು, ಇನ್ನೊಂದು ತೋಳಿಗೆ ಹೊಸದು ಹಾಕಿ ಕಳಿಸಿದರು. ಕಾಲೂ ಉಳಿದಿದೆ. ನಿನ್ನೆ ಔಷಧಿ ಹಾಕಿ ಹೊರಟ ನನಗೆ ಅವರೇ ಮಣೆ ಸರಿಸಿ, 'ಕೂಕೋ, ಅರ್ಧ ಗಂಟೆ ಇದ್ದು ನೋಡ್ಕಂಡು ಹೋಗು' ಎಂದರು. ಕೂತೆ.

ಸೂಜಿ ಹಾಕಲು ಯಾರಾದರೂ ಕಲಿಯಬಹುದಮ್ಮ. ನೀನು ಹೊಸಿಲು ದಾಟಿದ ಮೇಲೆ ಏನಾಯಿತೆಂದು ಮನೆಯವರನ್ನು ಕೇಳು. ಅದನ್ನು ನೀನಲ್ಲದೆ ಬೇರೆ ಯಾರೂ ಕೇಳುವುದಿಲ್ಲ.

ನಿನ್ನ ಕೈ ನಡುಗದಿರಲಿ. ನೀನು ಮುಟ್ಟಿದವರು ಎದ್ದು ಓಡಾಡಲಿ.

ನಿನ್ನ ಅಮ್ಮ,
ಪುಷ್ಪಲತಾ

ತಾ.ಕ.: ನಿಮ್ಮಪ್ಪನಿಗೆ ಕೊನೆಯ ದಿನಗಳಲ್ಲಿ ಮನೆಯಲ್ಲಿ ಇಂಥದೇ ನಳಿಕೆಯಲ್ಲಿ ಔಷಧಿ ಹಾಕಿದವಳು ನಾನೇ ಎಂದು ನಿನಗೆ ಗೊತ್ತು. ಹಾಕಿದ ಮೇಲೆ ಅವರಿಗೂ ಚಳಿ ಹತ್ತುತ್ತಿತ್ತು. ನಾನು ನೋಡಿದ್ದೆ. ಅವರನ್ನು ನೋಡುತ್ತಿದ್ದ ಡಾಕ್ಟರು ಮುಂದುವರಿಸಿ ಎಂದರು, ಮುಂದುವರಿಸಿದೆ. ಐದು ದಿನ. 'ಅಮ್ಮ ಕೈಲಾದದ್ದೆಲ್ಲ ಮಾಡಿದಳು' ಎಂದು ನೀನು ಎಲ್ಲರಿಗೂ ಹೇಳುತ್ತೀಯ. ಇನ್ನು ಹಾಗೆ ಹೇಳಬೇಡ ಕಂದ.