ಪಾದ ಕರಗಿದ ತವರದ ಹೂಜಿ

ಲ್ಯೂನೆಬರ್ಗ್, ೧೭೬೮ರ ಜನವರಿ ೯

ಅಡುಗೆಮನೆಯಲ್ಲಿ ಕಿಕ್ಕಿರಿದು ಕೂತ ಮಹಾಜನಗಳೇ, ಅಮ್ಮಾ, ಚಿಕ್ಕಪ್ಪಂದಿರೇ, ಇದನ್ನು ಗಟ್ಟಿಯಾಗಿ ಓದುತ್ತಿರುವ ಮುದ್ದಿನ ತಂಗಿ ಟಾಲ್ಕೆ,

ಕೆಮ್ಮುವವರು ಈಗಲೇ ಕೆಮ್ಮಿಬಿಡಿ. ಮುಂದಿನ ಸಂಗತಿಯಲ್ಲಿ ಉಸಿರಿಗೂ ಜಾಗವಿಲ್ಲ.

ನಾಳೆ ನಿಮ್ಮ ಹಾರ್ಮ್ ರೊಟ್ಟಿ ಸುಡುವವರ ಸಂಘದೆದುರು ಯಜಮಾನನ ಪಟ್ಟಕ್ಕೆ ನಿಲ್ಲುತ್ತಾನೆ. ಪಟ್ಟ ಸಿಕ್ಕರೆ ಸ್ವಂತ ಒಲೆ; ಒಲೆ ಸಿಕ್ಕರೆ ಸಂಘದ ಮುಖ್ಯಸ್ಥ ಎಗ್ಗರ್ಟ್ ಅವರ ಮಗಳು ವುಬ್ಕೆ. ಪದ್ಧತಿ ನಿಮಗೆ ಗೊತ್ತು: ಸಂಘದ ದೊಡ್ಡ ತವರದ ಹೂಜಿ ತುಂಬ ಬಿಯರ್ ಕೊಡುತ್ತಾರೆ, ಕುಡಿದು ಬರಿದು ಮಾಡಬೇಕು. ನಡುನಡುವೆ ಮೇಜಿನ ಮೇಲಿಟ್ಟು ಸುಧಾರಿಸಿಕೊಳ್ಳಬಹುದು. ಹಿಂದಿನ ದಿನ ಒರಟು ಹುಲ್ಲಿನಿಂದ ತಿಕ್ಕಿ ಅದನ್ನು ಬೆಳಗುವುದೂ ಕುಡಿಯುವವನದೇ ಕೆಲಸ.

ಇಂದು ಎಗ್ಗರ್ಟ್ ಅವರ ಮನೆಯಲ್ಲಿ ಕೂತು ತಿಕ್ಕಿದೆ. ಚಳಿಗೆ ಬೆರಳು ಮರಗಟ್ಟಿದವು. ಒಂದಿಷ್ಟು ಬಿಯರ್ ಬೆಚ್ಚಗಾಗಲೆಂದು ಹೂಜಿಯನ್ನೇ ಕಬ್ಬಿಣದ ಒಲೆಯ ಮೇಲೆ ಇಡಲಾಯಿತು. ನೋಡನೋಡುತ್ತಿದ್ದಂತೆ ಅದರ ಪಾದ ಬೆಣ್ಣೆಯಂತೆ ಜಾರಿತು, ಹೂಜಿ ಅಮಲೇರಿದವನಂತೆ ವಾಲಿತು.

ಎಗ್ಗರ್ಟ್ ಬಂದರು. "ಒಲೆ ಮೇಲೆ ಇಟ್ಟೋರ್ಯಾರು?"

ನಾನು ಅಂದೆ.

"ಲೋ ಹಾರ್ಮ್, ದಿನಾ ಬೆಂಕಿ ಮುಂದೇನೇ ಇರ್ತೀಯ, ತವರ ಕರಗುತ್ತೆ ಅಂತ ಗೊತ್ತಿಲ್ವಾ? ಇದನ್ನೂ ರೊಟ್ಟಿ ಅಂದ್ಕೊಂಡ್ಯಾ?"

ಸಂಘದ ಹಿರಿಯರು ಓಡಿಬಂದರು. ಹೊಸ ಪಾದ ಎರಕ ಹೊಯ್ಯಲು ವಾರ ಬೇಕೆಂದ ತವರಗಾರ. ನಾಳೆ ತಪ್ಪಿದರೆ ಪಟ್ಟ ಬರುವ ವರ್ಷಕ್ಕೆ. ಆಗ ಬೊಚ್ಚುಬಾಯಿಯ ಓಲ್ರಿಕ್ ಅಜ್ಜ ಕಿಸಕ್ಕನೆ ನಕ್ಕರು.

"ನಿಲ್ಲಲ್ಲ ಅಷ್ಟೇ ತಾನೆ, ಸೋರ್ತಿಲ್ವಲ್ಲ. ಕುಡೀಲಿ ಬಿಡ್ರಯ್ಯ. ಕೆಳಗಿಟ್ರೆ ಚೆಲ್ಲುತ್ತೆ. ಚೆಲ್ಲಿದ್ರೆ ಮನೆಗೆ ಹೋಗ್ಲಿ."

ಎಗ್ಗರ್ಟ್ ನನ್ನ ಒಣಕಲು ಹೊಟ್ಟೆ ನೋಡಿ, "ಇವನ ಕೈಲಿ ಆಗಲ್ಲ ಕಣ್ರೀ" ಎಂದರು.

ಆಗುತ್ತದೆ ಅಂದೆ. ಕಿಟಕಿಯ ಗಾಜು ನಡುಗುವಷ್ಟು ಗಟ್ಟಿಯಾಗಿ ಅಂದೆ. ಅಮ್ಮಾ, ನೀನು ಹೆದರಬೇಡ. ಹಬ್ಬದ ಅಂಗಿ ತೊಳೆದು ಒಣಗಹಾಕಿದ್ದೇನೆ.

ನಿಮ್ಮೆಲ್ಲರ,
ಹಾರ್ಮ್

ತಾ.ಕ.: ಟಾಲ್ಕೆ, ಇದನ್ನು ಗಟ್ಟಿಯಾಗಿ ಓದಬೇಡ. ಹೂಜಿಯನ್ನು ಒಲೆಯ ಮೇಲಿಟ್ಟವಳು ವುಬ್ಕೆ, ನನ್ನ ಬೆರಳು ನೋಡಿ ಮರುಗಿ. ಅಪ್ಪ ಬಂದಾಗ ತಾನೂ ಆಗಷ್ಟೇ ಒಳಬಂದವಳಂತೆ ಪಕ್ಕದಲ್ಲಿ ನಿಂತಿದ್ದಳು; ಬಾಯಿ ತೆರೆಯುವ ಮೊದಲೇ ಅವಳ ಕಾಲು ತುಳಿದೆ. ನಾವಿಬ್ಬರೇ ಒಲೆಯ ಬಳಿ ಕೂತಿದ್ದೆವೆಂದು ತಿಳಿದರೆ ಅವಳಪ್ಪ ಅವಳನ್ನು ಹ್ಯಾಂಬರ್ಗಿನ ಸೋದರತ್ತೆಯ ಮನೆಗೆ ಅಟ್ಟುತ್ತಾರೆ. ಈಗಷ್ಟೇ ಬಂದು ಪಿಸುಗುಟ್ಟಿ ಹೋದಳು: "ನಾಳೆ ನಿನ್ನ ಕೈ ಒಂಚೂರು ಇಳೀತೋ, ಇಟ್ಟಿದ್ದು ನಾನೇ ಅಂತ ಎಲ್ಲರ ಮುಂದೆ ಹೇಳ್ಬಿಡ್ತೀನಿ ನೋಡು."

ಹೇಳಿಯೇ ಬಿಡುವವಳು ಅವಳು. ಆದ್ದರಿಂದ ನಾಳೆ ಬೆಳಿಗ್ಗೆ ಆ ಹೂಜಿಯನ್ನು ಎತ್ತುತ್ತೇನೆ. ಕೆಳಗಿಡುವುದಿಲ್ಲ.